ಚೀನಾದ ಶಿಷ್ಯೆಗೆ ‘ಬೇಡ’ ಹೇಳಿಕೊಟ್ಟದ್ದು

ಹೊಸನಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ನಿವೃತ್ತಳಾಗಿ ಸಾಗರಕ್ಕೆ ಬಂದ ಮೇಲೆ ಬೈಯಲು ನನಗೆ ಯಾರೂ ಇಲ್ಲದಂತಾಯಿತು. ಅದಕ್ಕೇ ಫೋನಿನ ವಿಡಿಯೋದಲ್ಲಿ ಚೀನಾದವರಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಹಿಡಿದೆ. ಸಿಕ್ಕ ಶಿಷ್ಯೆಗೆ ಐವತ್ತರ ಹತ್ತಿರ ವಯಸ್ಸು. ಯಾವುದೋ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಒಲೆಯ ಮುಂದೆ ನಿಂತೂ ನಿಂತೂ ಮೊಣಕಾಲು ಹಾಳಾಗಿತ್ತು. ಹೊರದೇಶದವರು ಬಂದು ಉಳಿಯುವ ಹೋಟೆಲೊಂದರಲ್ಲಿ ಕೂತು ಮಾಡುವ ಕೆಲಸವಿತ್ತು, ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕು. ಎರಡು ಸಲ ಹೋಗಿ ಫೇಲಾಗಿದ್ದಳು. ಮೂರನೆಯದೇ ಕೊನೆ ಎಂದು ಹೋಟೆಲಿನವರು ಹೇಳಿಬಿಟ್ಟಿದ್ದರು.

ಮೊದಮೊದಲು ಅವಳ ತೊಂದರೆ ವ್ಯಾಕರಣದ್ದು ಅಂದುಕೊಂಡೆ. ‘ಐ ನಾಟ್ ಲೈಕ್’, ‘ಶಿ ನಾಟ್ ಕಮ್’ ಎಂದು ಬರೆಯುತ್ತಿದ್ದಳು. ಅವರ ಭಾಷೆಯಲ್ಲಿ ಕ್ರಿಯಾಪದಕ್ಕೆ ಮೊದಲು ಒಂದು ‘ಇಲ್ಲ’ ಇಟ್ಟರೆ ಕೆಲಸ ಮುಗಿಯಿತಂತೆ. ಇಂಗ್ಲಿಷಿನವರಿಗೆ ಅಷ್ಟು ಸಾಲದು, ನಡುವೆ ‘ಡು’, ‘ಡಸ್’ ಎಂಬ ಬ್ರೋಕರುಗಳು ಬೇಕು. ಇದನ್ನು ನಾನು ಸಾವಿರ ಸಲ ಹೇಳಿದೆ, ಅವಳು ಸಾವಿರ ಸಲ ಬರೆದಳು. ಒಂದೇ ತಿಂಗಳಿಗೆ ಬರಹದಲ್ಲಿ ಒಂದು ತಪ್ಪೂ ಇರಲಿಲ್ಲ.

ಬಾಯಿಗೆ ಮಾತ್ರ ಬರಲೊಲ್ಲದು. ಪರೀಕ್ಷಕಿಯ ಹಾಗೆ ಮುಖ ಮಾಡಿಕೊಂಡು, ಕಾರು ಓಡಿಸುತ್ತೀಯಾ ಎಂದರೆ ‘ಯೆಸ್’. ಕಾಫಿ ಕುಡಿಯುತ್ತೀಯಾ ಎಂದರೂ ‘ಯೆಸ್’. ಆಮೇಲೆ ವಿಚಾರಿಸಿದರೆ ಕಾರಿನ ಸ್ಟಿಯರಿಂಗ್ ಮುಟ್ಟಿದವಳಲ್ಲ, ಕಾಫಿ ನಾಲಿಗೆಗೆ ತಾಗಿಸಿದವಳಲ್ಲ. ಹಿಂದಿನ ಸಲ ‘ಹೋಟೆಲಿನಲ್ಲಿ ಕೆಲಸ ಮಾಡಿದ್ದೀರಾ?’ ಎಂದು ಕೇಳಿದ್ದಕ್ಕೂ ಹೌದು ಎಂದಿದ್ದಳಂತೆ. ಯಾವ ಹೋಟೆಲು ಎಂದಾಗ ಬಾಯಿ ಕಟ್ಟಿತಂತೆ. ಅಲ್ಲ ಮಾರಾಯ್ತಿ, ಯಾಕೆ ಹಾಗೆ ಹೇಳಿದೆ ಎಂದು ರೇಗಿದೆ. ದೊಡ್ಡವರು ನಗುನಗುತ್ತ ಕೇಳುವಾಗ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಎನ್ನುವುದು ಹೇಗೆ, ನಾಚಿಕೆಯಾಗುತ್ತದೆ ಎಂದಳು. ನಮ್ಮ ಕಡೆಯೂ ‘ಬರುವುದಿಲ್ಲ’ ಎಂದು ಯಾರು ಹೇಳುತ್ತಾರೆ? ‘ನೋಡಾಣ’ ಎನ್ನುತ್ತೇವೆ, ಹೋಗುವುದಿಲ್ಲ.

ಅವಳ ಪರೀಕ್ಷೆಯ ಹಿಂದಿನ ದಿನವೇ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿ ಅಕ್ಕನ ಮನೆಯ ಸತ್ಯನಾರಾಯಣ ಕಥೆ ಇತ್ತು. ಮಧ್ಯಾಹ್ನ ಒಂದಕ್ಕೆ ಕೊನೆಯ ಪಾಠ ಇರುವುದರಿಂದ ಹೋಗುವುದಿಲ್ಲ ಎಂದು ತೀರ್ಮಾನಿಸಿ, ಅಕ್ಕನಿಗೆ ನೋಡಾಣ ಎಂದಿದ್ದೆ. ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಅವಳ ಕಾರು. ಫೋನು ಮಾಡಿ ಸಿಡುಕಿದೆ.

“ನೋಡಾಣ ಅಂದಿದ್ನಲ್ಲೇ ಅಕ್ಕ.”

“ಅದ್ಕೇ ಕಾರ್ ಕಳ್ಸಿದ್ದು.”

ಹೀಗಾಗಿ ಆ ದಿನದ ಪಾಠ ಮೇಳಿಗೆಯ ಮನೆಯ ಮಹಡಿ ಕೋಣೆಯಲ್ಲಿ ನಡೆಯಿತು. ಕಥೆ ಮುಗಿದು ಪಂಕ್ತಿ ಹಾಕುವಾಗ ಒಂದು ಗಂಟೆಯಾಗಿತ್ತು. ನಾನು ಕೆಳಗೆ ಬರುವುದಿಲ್ಲ ಎಂದು ತಿಳಿದು ಅಕ್ಕ ಬಾಳೆಲೆಯನ್ನೇ ಮೇಲಕ್ಕೆ ಕಳಿಸಿದಳು. ಫೋನನ್ನು ತಂಬಿಗೆಗೆ ಒರಗಿಸಿ, ಒಂದು ತುತ್ತು ಒಂದು ಪ್ರಶ್ನೆ ಎಂಬಂತೆ ಸಾಗಿದೆ. ಶಿಷ್ಯೆ ಎಂದಿನಂತೆ ಎಲ್ಲದಕ್ಕೂ ಯೆಸ್. ನಾಳೆ ಇವಳ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಭಾವ ಹೋಳಿಗೆಯ ತಟ್ಟೆ ಹಿಡಿದು ಬಂದರು. ಎಪ್ಪತ್ತು ದಾಟಿದರೂ ಬಡಿಸುವ ಕೆಲಸ ಯಾರಿಗೂ ಬಿಟ್ಟುಕೊಡುವವರಲ್ಲ. ಎಲೆಯ ಮುಂದೆ ಕೂತವರ ಮೊದಲ ‘ಬೇಡ’ ಬರೀ ಮರ್ಯಾದೆಯದು, ಎರಡನೆಯದು ಬಡಿಸುವವರ ಪ್ರೀತಿ ಎಷ್ಟಿದೆ ಎಂದು ನೋಡಲು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ನಿಜವಾಗಿ ಬೇಡ. ಒಂದು ಹೋಳಿಗೆ ಆಗಲೇ ಮುಗಿದಿತ್ತು, ಇನ್ನೊಂದು ನನಗೆ ಬೇಕೇ ಬೇಕಿತ್ತು. ಆದ್ದರಿಂದ ಪದ್ಧತಿಯ ಪ್ರಕಾರ “ಬೇಡ ಭಾವ” ಎಂದು ಒಂದೇ ಕೈ ಅಡ್ಡ ಮಾಡಿದೆ. ಭಾವನೂ ಪದ್ಧತಿಯ ಪ್ರಕಾರ ಹೋಳಿಗೆ ಎತ್ತಿ ಎಲೆಯ ಕಡೆ ಬಗ್ಗಿದರು.

“ಸರ್, ಶಿ ಡಸ್ ನಾಟ್ ವಾಂಟ್ ಇಟ್.”

ತಂಬಿಗೆಯ ಕಡೆಯಿಂದ ಬಂದ ಗಟ್ಟಿ ದನಿಗೆ ಭಾವ ಬಗ್ಗಿದಲ್ಲೇ ನಿಂತರು. ಹೋಳಿಗೆಯೂ ನಿಂತಿತು. ಫೋನಿನಲ್ಲಿ ಶಿಷ್ಯೆ ಕೆಂಪಗಾಗಿದ್ದಳು. ತನಗಾಗಿ ಹೇಳಲು ನಾಚಿಕೆ, ಟೀಚರು ಕೈ ಅಡ್ಡ ಹಿಡಿದರೂ ಯಾರೋ ಒತ್ತಾಯ ಮಾಡುವುದು ಕಂಡಾಗ ನಾಚಿಕೆ ಎಲ್ಲಿ ಹೋಯಿತೋ! ಡಸ್ ಕೂಡ ತಪ್ಪದೆ ಬಂದಿತ್ತು.

“ಯಾರಾ ಅದು?” ಭಾವ ಕೇಳಿದರು.

“ನನ್ನ ಸ್ಟೂಡೆಂಟು.”

“ಹಂಗಾರೆ ಖರೇನೇ ಬ್ಯಾಡ್ವಾ?”

ಏನು ಹೇಳಲಿ? ಹೋಳಿಗೆ ಬೇಕು ಎಂದರೆ ಅವಳ ಜೀವಮಾನದ ಮೊದಲ ‘ಇಲ್ಲ’ ಸುಳ್ಳಾಗುತ್ತದೆ. ಎರಡೂ ಕೈ ಎಲೆಗೆ ಅಡ್ಡ ಹಿಡಿದೆ. ತುಪ್ಪ ಸವರಿದ ಆ ಹೋಳಿಗೆ ಭಾವನ ಜೊತೆ ಮೆಟ್ಟಿಲಿಳಿದು ಹೋಯಿತು. ಹೊಟ್ಟೆ ಉರಿದುಹೋಯಿತು ನನಗೆ. ಆ ಉರಿಯಲ್ಲೇ ಮತ್ತೆ ಕೇಳಿದೆ, ಕಾರು ಓಡಿಸುತ್ತೀಯಾ? ಅವಳು, ಇಲ್ಲ, ನನಗೆ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಕಾಫಿಗೂ ಇಲ್ಲ ಎಂದಳು.

ಮರುದಿನ ಪಾಸಾದಳು. ಹೋಟೆಲಿನಲ್ಲಿ ಕೆಲಸ ಮಾಡಿಲ್ಲ, ಆದರೆ ಕಲಿಯುತ್ತೇನೆ ಎಂದು ಹೇಳಿದಳಂತೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತೇ ಫೋನಿನಲ್ಲಿ ಕೇಳಿಸಿಕೊಂಡೆ, ಕಣ್ಣಲ್ಲಿ ನೀರು ಬಂತು. ಇನ್ನು ಮುಂದಿನ ಪಾಠ ಶುರುಮಾಡೋಣ, ಮಂಗಳವಾರ ಬರುತ್ತೀಯಲ್ಲ ಎಂದೆ.

“ಐ ಡೋಂಟ್ ನೀಡ್ ದ ಕ್ಲಾಸ್, ಟೀಚರ್.”

ಫೀಸು ಬೇಡ, ಸುಮ್ಮನೆ ಮಾತಾಡೋಣ ಎಂದೆ. ಹೊಸ ಕೆಲಸ, ಸಮಯ ಇಲ್ಲ ಟೀಚರ್ ಎಂದಳು, ಅಷ್ಟೇ ಸ್ಪಷ್ಟವಾಗಿ. ವಾಕ್ಯದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಇನ್ನೊಂದು ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ.