ಇತರೆ ವಿಷಯಗಳು, ಅಧ್ಯಕ್ಷರ ಅನುಮತಿ ಮೇರೆಗೆ

ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ನಾನು ಸಿಬ್ಬಂದಿ ಪ್ರತಿನಿಧಿಯಾದದ್ದು ಬೇರೆ ಯಾರೂ ಒಪ್ಪದ ಕಾರಣಕ್ಕೆ. ಸಭೆ ನಡೆಯುವುದು ಭಾನುವಾರ. ಮಾತಾಡಿದರೆ ಮೇಲಿನವರಿಗೆ ನಿಷ್ಠುರ, ಸುಮ್ಮನಿದ್ದರೆ ಸ್ಟಾಫ್ ರೂಮಿನಲ್ಲಿ ಬೈಗುಳ. ನಾನು ಸೊರಬದವಳು, ಬಿ.ಕಾಂ. ಮಕ್ಕಳಿಗೆ ಪಾಠ ಹೇಳುವವಳು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೇ ಈ ಕೆಲಸಕ್ಕೆ ನಾನೇ ಸರಿ ಎಂದು ಎಲ್ಲರೂ ಸೇರಿ ಉಬ್ಬಿಸಿದರು, ನಾನೂ ಉಬ್ಬಿದೆ.

ಕಾಲೇಜು ಶಿಕಾರಿಪುರ ತಾಲೂಕಿನದು, ಖಾಸಗಿ. ಮಂಡಳಿಯ ಅಧ್ಯಕ್ಷರು ಒಬ್ಬ ಅಕ್ಕಿ ಗಿರಣಿ ಮಾಲೀಕರು. ಕಟ್ಟಡದ ಜಾಗ ಅವರ ತಂದೆ ಕೊಟ್ಟದ್ದು. ಆ ಗೌರವಕ್ಕಾಗಿ ನೆಲ ಅಂತಸ್ತಿನಲ್ಲಿ ಅವರಿಗೊಂದು ದೊಡ್ಡ ಕೊಠಡಿ ಇದೆ. ಒಳಗೆ ತಂದೆಯವರ ಫೋಟೊ, ಮೇಜು, ತಿರುಗುವ ಕುರ್ಚಿ, ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್. ಧ್ವಜ ಹಾರಿಸುವ ದಿನ ಬಿಟ್ಟರೆ ಅವರು ಅಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಆದರೂ ಜವಾನ ವಾರವಾರವೂ ಟವೆಲ್ ಒಗೆದು ಹಾಕುತ್ತಾನೆ. ಯಾರೂ ಬೆನ್ನು ತಾಗಿಸದ ಟವೆಲ್ ಅದು ಹೇಗೆ ಕೊಳೆಯಾಗುತ್ತದೋ ದೇವರೇ ಬಲ್ಲ.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ತೊಗರ್ಸಿ ಕಡೆಯವಳು. ಹುಟ್ಟಿನಿಂದಲೇ ಅವಳ ಕಾಲುಗಳಿಗೆ ಬಲವಿಲ್ಲ. ಸರ್ಕಾರ ಕೊಟ್ಟ ಮೂರು ಚಕ್ರದ ಸ್ಕೂಟರ್ ಓಡಿಸಿಕೊಂಡು ಬರುತ್ತಿದ್ದಳು, ಇಳಿದು ಊರುಗೋಲು ಹಿಡಿದು ತರಗತಿಗೆ ನಡೆಯುತ್ತಿದ್ದಳು. ಮೊದಲೆರಡು ವರ್ಷ ಪಾಠ ಕೆಳಗೇ ನಡೆಯುತ್ತಿದ್ದರಿಂದ ತೊಂದರೆಯಿರಲಿಲ್ಲ. ಕೊನೆಯ ವರ್ಷದ ತರಗತಿ ಮಾತ್ರ ಮಹಡಿಯ ಮೇಲೆ. ಕೆಳಗಿನ ತರಗತಿಗಳಲ್ಲಿ ಮೊದಲ ವರ್ಷದ, ಎರಡನೇ ವರ್ಷದ ಮಕ್ಕಳು ಕಿಕ್ಕಿರಿದಿದ್ದರು. ಮೇಲಿನ ಚಿಕ್ಕ ಕೊಠಡಿಗಳಲ್ಲಿ ಅವರು ಹಿಡಿಸುವುದಿಲ್ಲ.

ಶುರುವಿನಲ್ಲಿ ಹುಡುಗರು ಅವಳನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಒಂದು ದಿನ ಅರ್ಧ ಮೆಟ್ಟಿಲಲ್ಲಿ ಕುರ್ಚಿ ವಾಲಿತು. ಬೀಳಲಿಲ್ಲ, ಆದರೆ ಹುಡುಗರು ನಕ್ಕರು, ಗಾಬರಿಗೆ ಬರುವ ನಗು. ಮರುದಿನ ಅವಳು ನನ್ನ ಹತ್ತಿರ ಬಂದು, "ಇನ್ನ ಹೊರಸ್ಕಳದು ಬ್ಯಾಡ ಮೇಡಂ. ಜೋಳದ ಚೀಲ ಸಾಗಿಸ್ದಂಗೆ ಆಗ್ತೈತಿ ನಂಗೆ" ಎಂದಳು. ಬರುವುದನ್ನೇ ನಿಲ್ಲಿಸಿದಳು. ಹಾಜರಿ ಹಾಕಿಕೊಂಡಿರುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಕ್ಕೆ, "ಬರ್ದೇ ಇದ್ದೋಳಿಗೆ ಹಾಜರಿ ಹಾಕಬ್ಯಾಡ್ರಿ" ಎಂದು ನನಗೇ ಬುದ್ಧಿ ಹೇಳಿದಳು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾನು ನೇರ ಪ್ರಾಂಶುಪಾಲರ ಹತ್ತಿರ ಹೋದೆ. ಮಂಡಳಿಗೆ ಅವರೇ ಕಾರ್ಯದರ್ಶಿ. ಅಧ್ಯಕ್ಷರ ಕೊಠಡಿಯಲ್ಲಿ ನನ್ನ ತರಗತಿ ಸಲೀಸಾಗಿ ಹಿಡಿಸುತ್ತದೆ, ಬಿಟ್ಟುಕೊಡಿ ಎಂದೆ.

"ಬೀಗದ ಕೈ ನನ್ನ ಡ್ರಾಯರಲ್ಲೇ ಇದೆ ಮೇಡಂ" ಎಂದರು. "ತೆಗೆಯೋ ಅಧಿಕಾರ ನಂಗಿಲ್ಲ. ಮಂಡಳಿಯಲ್ಲಿ ತೀರ್ಮಾನ ಆಗ್ಬೇಕು."

"ಅಧ್ಯಕ್ಷರಿಗೆ ಒಂದು ಫೋನ್ ಮಾಡಿ ಕೇಳಿ ಸಾರ್."

"ಅವರ ಕೊಠಡಿನ ಬಿಟ್ಕೊಡಿ ಅಂತ ಅವರನ್ನೇ ಕೇಳೋದು ಹೇಗ್ರೀ? ಸಭೆಗೆ ಬರಲಿ. ನಿಮ್ಮ ವಿಷಯ ಸೇರಿಸ್ತೀನಿ."

ಸೇರಿಸಿದರು, ಕಾರ್ಯಸೂಚಿಯ ಕಟ್ಟಕಡೆಯಲ್ಲಿ: 'ಇತರೆ ವಿಷಯಗಳು, ಅಧ್ಯಕ್ಷರ ಅನುಮತಿ ಮೇರೆಗೆ.' ಮದುವೆ ಊಟದ ಕೊನೇ ಪಂಕ್ತಿಯ ಹಾಗೆ ಅದು, ಬಡಿಸುವವರಿಗೆ ಅಷ್ಟು ಹೊತ್ತಿಗೆ ಕೈ ಸೋತಿರುತ್ತದೆ. ಮೊದಲ ಸಭೆ ಅಧ್ಯಕ್ಷರ ಮನೆಯ ಗೃಹಪ್ರವೇಶದಿಂದ ಮುಂದೆ ಹೋಯಿತು. ಎರಡನೆಯದು ಕೋರಂ ಇಲ್ಲದೆ ನಿಂತಿತು. ಬಂದ ನಾಲ್ಕಾರು ಜನ ಉಪ್ಪಿಟ್ಟು ತಿಂದು, ಮಳೆ ಬೆಳೆ ಮಾತಾಡಿ, ಅಂಬ್ಲಿಗೊಳ್ಳ ಜಲಾಶಯದ ನೀರು ಯಾವ ಊರಿನ ತನಕ ಹರಿಯಿತು ಎಂದು ವಿಚಾರಿಸಿಕೊಂಡು ಹೋದರು. ಹುಡುಗಿಯ ಹಾಜರಿ ಇಳಿಯುತ್ತಲೇ ಇತ್ತು.

ಕೊನೆಗೂ ಸಭೆ ಸೇರಿತು. ಮೊದಲು ಹೊಸ ಸದಸ್ಯರಿಗೆ ಶಾಲು, ಹಾರ, ಫೋಟೊ. ಆಮೇಲೆ ಕಾಂಪೌಂಡಿಗೆ ಯಾವ ಬಣ್ಣ ಎನ್ನುವ ಚರ್ಚೆ. ಒಬ್ಬರು ಕೆನೆ ಬಣ್ಣ ಎಂದರು, ಇನ್ನೊಬ್ಬರು ತಿಳಿ ಹಸಿರು, ಮೂರನೆಯವರು ವಾಸ್ತು ಎಂದರು. ಗಡಿಯಾರ ನೋಡುತ್ತ ನಾನು ಒಳಗೊಳಗೇ ಕುದಿಯುತ್ತಿದ್ದೆ. ಪ್ರಾಂಶುಪಾಲರು ಫೈಲು ಮಡಚುವಾಗ ಕರೆಯದಿದ್ದರೂ ಎದ್ದು ನಿಂತೆ. ಹುಡುಗಿಯ ಸ್ಕೂಟರ್, ವಾಲಿದ ಕುರ್ಚಿ, ಹಾಜರಿ, ಪರೀಕ್ಷೆ ಎಲ್ಲವನ್ನೂ ಹೇಳಿ, ನಿಮ್ಮ ಕೊಠಡಿಯನ್ನು ಈ ಒಂದು ವರ್ಷದ ಮಟ್ಟಿಗೆ ಕೊಡಿ ಎಂದು ಕೇಳಿದೆ.

ಅಧ್ಯಕ್ಷರು ಕಲ್ಲು ಮನಸ್ಸಿನವರಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಂಥ ಮಗಳಿಗೆ ಒಂದ್ ರೂಮ್ ಕೊಟ್ಟು ಕೈ ತೊಳ್ಕಳದೇನ್ರೀ ನಾವು? ಲಿಫ್ಟ್ ಹಾಕ್ಸನ! ಇವತ್ತು ಇವ್ಳು, ನಾಳೆ ಇನ್ನೊಬ್ರು. ನಮ್ಮ ಸುತ್ತಮುತ್ತ ಯಾವ ಕಾಲೇಜಲ್ಲೂ ಇರಬಾರ್ದು, ಅಂಥ ಲಿಫ್ಟ್ ಹಾಕ್ಸನ!"

ಕೋಣೆಯೆಲ್ಲ ಚಪ್ಪಾಳೆ. ನಾನು, "ಸಾರ್, ಲಿಫ್ಟ್ ಬರೋ ತನಕ ಆ ಕೊಠಡಿ..." ಎನ್ನುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು. ವಂದನೆ ಸಂದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಲಿಫ್ಟಿಗೊಂದು ಉಪಸಮಿತಿಯಾಯಿತು, ನನ್ನನ್ನೇ ಸಂಚಾಲಕಿ ಮಾಡಿದರು.

ಎಂಜಿನಿಯರ್ ಬಂದು ಗೋಡೆ ತಟ್ಟಿ ನೋಡಿ, ಹಳೇ ಕಟ್ಟಡ, ತಳಪಾಯ ಪರೀಕ್ಷೆಯಾಗಬೇಕು ಎಂದು ಹೋದವರು ತಿರುಗಿ ಬರಲಿಲ್ಲ. ಕೊಠಡಿಯ ಮಾತನ್ನು ಮತ್ತೆ ಎತ್ತಿದರೆ ಪ್ರಾಂಶುಪಾಲರು, "ಅಷ್ಟು ದೊಡ್ಡ ಮನಸ್ಸು ಮಾಡಿದಾರೆ, ಇನ್ನೂ ರೂಮು ಅಂದ್ರೆ ಲಿಫ್ಟ್ ಬಗ್ಗೆ ನಂಬಿಕೆ ಇಲ್ಲ ಅಂದಂಗಾಗುತ್ತೆ" ಎಂದರು. ಅಧ್ಯಕ್ಷರಿಗೆ ನಾನೇ ಫೋನ್ ಮಾಡಿದೆ. "ಲಿಫ್ಟ್ ಬರ್ತೈತಿ ಮೇಡಂ, ನೀವು ಚಿಂತಿ ಬಿಡ್ರಿ" ಎಂದು ಪ್ರೀತಿಯಿಂದಲೇ ಹೇಳಿದರು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವರ ಜೊತೆ ಜಗಳವಾಡುವುದು ನನಗೆ ಗೊತ್ತಾಗಲಿಲ್ಲ. ಎಂಥ ಮಂಗಬುದ್ಧಿಯವಳು ನಾನು ಎಂದು ಬಸ್ಸಿನಲ್ಲಿ ಕೂತು ಅತ್ತಿದ್ದೂ ಉಂಟು.

ಹಾಜರಿಯ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ ಹುಡುಗಿಯ ತಾಯಿ ಕಾಲೇಜಿಗೆ ಬಂದರು. ಲಿಫ್ಟಿನ ಸುದ್ದಿ ಪೇಪರಿನಲ್ಲಿ ಬಂದದ್ದನ್ನು ಪಕ್ಕದ ಮನೆಯವರು ತಡವಾಗಿ ಓದಿ ಹೇಳಿದ್ದರಂತೆ. ಸೆರಗಿನ ಮರೆಯಲ್ಲಿ ತಂದ ಶೇಂಗಾ ಉಂಡೆಯ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಕೂತರು.

"ನಿಮ್ಮಿಂದ ಆತ್ರೀ ಮೇಡಂ. ಮಗಳು ಬರಕ್ಕೆ ವಲ್ಲೆ ಅಂದ್ಳು, ನಾನೇ ಬಂದೆ. ಎಲ್ಲೈತ್ರೀ ಅದು? ಒಂದ್ಸಲ ತೋರಸ್ರಿ. ನೋಡ್ಕಂಡು ಹೋಗಿ ಹೇಳ್ತೀನಿ, ಸೋಮಾರದಿಂದ ಬರ್ತಾಳೆ."

ಇನ್ನೂ ಬಂದಿಲ್ಲಮ್ಮ ಎಂದೆ. ಯಾವಾಗ ಬರ್ತೈತಿ ಎಂದರು. ಗೊತ್ತಿಲ್ಲ ಎಂದೆ. ಬರದಿದ್ದರೆ ಹೋಗಲಿ, ಪರೀಕ್ಷೆಯನ್ನಾದರೂ ಕೆಳಗೆ ಕೂತು ಬರೆಯಬಹುದಲ್ಲ ಎಂದು ಕೇಳಿದರು. ಹಾಜರಿ ಸಾಲದೆ ಪರೀಕ್ಷೆಯೂ ಇಲ್ಲ ಎಂಬುದನ್ನು ನಾನೇ ಹೇಳಬೇಕಾಯಿತು. ಅವರು ಡಬ್ಬಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ, ಏಳಲೂ ಇಲ್ಲ. "ಹಂಗಾರೆ ಅವ್ಳಿಗೆ ಏನಂತ ಹೇಳ್ಲಿ?" ಎಂದು ನನ್ನ ಮುಖ ನೋಡಿದರು.

ನಾನೇ ಹೇಳುತ್ತೇನೆ ಎಂದು ಹೊರಗೆ ಬಂದು ಹುಡುಗಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿದ್ದೇ ಅವಳೆಂದಳು:

"ಪರೀಕ್ಷೆಗೆ ಕೂರ್ಸಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಮೇಡಂ, ಅವ್ವಗೆ ಹೇಳಿರ್ಲಿಲ್ಲ. ಅಕಿಗೆ ಓದಕ್ಕೆ ಬರಲ್ಲ, ಬಸ್ಸಿನ ಬೋರ್ಡ್ ತಿಳಿಯಲ್ಲ. ತೊಗರ್ಸಿ ಬಸ್ಸಿಗೆ ಹತ್ತಿಸಿ ಕಳಸ್ರಿ, ಅಷ್ಟ್ ಮಾಡಿದ್ರೆ ಸಾಕು."