ಮೆಟ್ಟಿಲ ತಿರುವಿನಲ್ಲಿ ನಿಂತವನು

ನನ್ನಮ್ಮನಿಗೆ ಪೇಟೆಯಲ್ಲಿ ರಬ್ಬರ್ ಅಕ್ಕ ಅಂತ ಹೆಸರು. ಕೆಟ್ಟ ಕಂಪ್ಯೂಟರ್ ಯಾರೇ ತರಲಿ, ಮೊದಲು ಮುಚ್ಚಳ ಬಿಚ್ಚಿ, ಮೆಮೊರಿ ಪಟ್ಟಿಯನ್ನು ಹೊರಗೆಳೆದು, ಅದರ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುತ್ತಾಳೆ. ಅರ್ಧ ರೋಗಿಗಳು ಅಷ್ಟಕ್ಕೇ ಎದ್ದು ಕೂರುತ್ತವೆ. ಬಟ್ಟೆ ಹೊಲಿಯುತ್ತಿದ್ದವಳು ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದವರಿಗೆ, “ಮನೇಲೇ, ಒಂದು ಆಟದಿಂದ” ಅನ್ನುತ್ತಾಳೆ. ಗಿರಾಕಿಗಳು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಆಟದ ಜೊತೆ ಒಂದೇ ಸೂರಿನಡಿ ಬೆಳೆದವಳು ನಾನು.

ಆಟ ಬರೆದದ್ದು ಮಾವ, ಅಮ್ಮನ ಅಣ್ಣ. ಕಟ್ಟಡಗಳ ನಕ್ಷೆ ಬಿಡಿಸುವುದು ಅವನ ಹೊಟ್ಟೆಪಾಡು. ಮದುವೆಯ ಗೋಜಿಗೆ ಹೋಗದೆ ನಮ್ಮ ಮಹಡಿಯ ಕೋಣೆಯಲ್ಲೇ ಇದ್ದ. ಅವರಿವರು ಎಸೆದ ಭಾಗಗಳಿಂದ ಒಂದು ಕಂಪ್ಯೂಟರ್ ಜೋಡಿಸಿ, ರಜೆ ಸಿಕ್ಕಾಗೆಲ್ಲ ಅದರ ಮುಂದೆ ಕೂತು, ನಮ್ಮ ಮನೆಯನ್ನೇ ಅಳತೆ ತಪ್ಪದಂತೆ ಒಂದು ಆಟವಾಗಿಸಿದ್ದ. ಅಡುಗೆಮನೆ, ನಡುಮನೆ, ಮೆಟ್ಟಿಲು, ಮಹಡಿ ಎಲ್ಲವೂ ಅದರಲ್ಲಿದ್ದವು. ನೀಲಿ ಅಂಗಿಯ ಒಬ್ಬ ಮನುಷ್ಯ ಕೋಣೆ ಕೋಣೆಗೆ ನಡೆದು ದೀಪ ಹೊತ್ತಿಸುತ್ತಾನೆ. ನಾವು ಅವನ ಬೆನ್ನ ಹಿಂದೆ ಆರಿಸುತ್ತ ಹೋಗಬೇಕು. ಮನೆಯೆಲ್ಲ ಕತ್ತಲಾದರೆ ನಾವು ಗೆದ್ದಂತೆ. ಅವನ ಒಂದೊಂದು ಹೆಜ್ಜೆಗೂ ‘ಟಕ್’ ಎಂಬ ಸದ್ದು. ಆ ಮನುಷ್ಯ ಮಾವನೇ, ಬಲಭುಜ ಸ್ವಲ್ಪ ಇಳಿಬಿಟ್ಟುಕೊಂಡು ನಡೆಯುವುದೂ ಅವನಂತೆಯೇ.

ಮೊದಲ ಸಲ ತೋರಿಸಿದಾಗ ಅಮ್ಮ ಮಾತ್ರ ಒಂದು ಹುಳುಕು ಹಿಡಿದಿದ್ದಳು. ಮೆಟ್ಟಿಲು ತಿರುಗುವ ಕಡೆ ಆ ಮನುಷ್ಯ ಗಕ್ಕನೆ ನಿಂತುಬಿಡುತ್ತಿದ್ದ. ಒಂದಷ್ಟು ಹೊತ್ತು ಬಿಟ್ಟು ಮತ್ತೆ ಹತ್ತುತ್ತಿದ್ದ.

“ಯಾಕಣ್ಣ ಅಲ್ಲಿ ನಿಲ್ತಾನೆ?”

“ಮಿಷಿನ್‌ಗೆ ವಯಸ್ಸಾಯ್ತು ಬಿಡೇ,” ಎಂದು ಮಾವ ನಕ್ಕಿದ್ದ.

ಆ ವರ್ಷವೇ ಒಂದು ಮಧ್ಯಾಹ್ನ ಮಾವ ಅದೇ ತಿರುವಿನಲ್ಲಿ ಕುಸಿದು ಕೂತ, ಮತ್ತೆ ಏಳಲಿಲ್ಲ. ಹೃದಯ ಬಹಳ ದಿನದಿಂದ ಸೋತಿತ್ತು, ನಿಮಗೆ ಹೇಳಿರಲಿಲ್ಲವೇ ಎಂದರು ಡಾಕ್ಟರು. ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಕಂಪ್ಯೂಟರ್ ಕೆಳಗಿಳಿದು ಮಾವನ ಹೆತ್ತಮ್ಮ, ನನ್ನಜ್ಜಿಯ ಕೋಣೆ ಸೇರಿತು. ಅಜ್ಜಿ ಅದುವರೆಗೆ ಅದರ ಕಡೆ ಕಣ್ಣೆತ್ತಿ ನೋಡಿದವಳಲ್ಲ. ಈಗ ಬೆಳಿಗ್ಗೆ ಎದ್ದವಳೇ ಅದರ ಮುಂದೆ ಕೂರತೊಡಗಿದಳು. ದೀಪ ಆರಿಸಲು ಯಾರಿಗೂ ಬಿಡಲಿಲ್ಲ. ಅವನು ಸುಮ್ಮನೆ ಓಡಾಡುತ್ತಿದ್ದ. ಮನೆಯಲ್ಲಿ ಎಲ್ಲಿದ್ದರೂ ಆ ಟಕ್ ಟಕ್ ಕೇಳುತ್ತಿತ್ತು. ಸದ್ದು ನಿಂತಾಗ ಅಮ್ಮನ ಕೈಯ ಸೌಟೂ ನಿಲ್ಲುತ್ತಿತ್ತು, ಅಪ್ಪ ಅರ್ಧಕ್ಕೇ ಮಾತು ನಿಲ್ಲಿಸುತ್ತಿದ್ದ. ಮತ್ತೆ ಟಕ್ ಎಂದ ಮೇಲೆಯೇ ನಾವೆಲ್ಲ ಅಲುಗಾಡುತ್ತಿದ್ದದ್ದು. ನನಗಂತೂ ಆ ಪೆಟ್ಟಿಗೆ ಕಂಡರೆ ಮೈ ಉರಿಯುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ಗೋಡೆಗೆ ಅಂಟಿಕೊಂಡು, ಯಾರಿಗೋ ದಾರಿ ಬಿಟ್ಟಂತೆ ಹೋಗುತ್ತಿದ್ದೆ.

“ಅವನು ಹೋದ ಜಾಗದಲ್ಲೇ ನಿಲ್ತಾನೆ ನೋಡೇ. ಅವನ ಜೀವ ಅಲ್ಲೇ ಇದೆ,” ಅನ್ನುತ್ತಿದ್ದಳು ಅಜ್ಜಿ.

“ಜೀವಾನೂ ಇಲ್ಲ, ದೆವ್ವಾನೂ ಇಲ್ಲ. ಅವನಿದ್ದಾಗಲೇ ನಿಲ್ತಿತ್ತು ಕಣಮ್ಮ. ಮಿಷಿನ್‌ಗೆ ವಯಸ್ಸಾಗಿದೆ ಅಂತ ಅವನೇ ಹೇಳಿದ್ದ. ನಾನು ಸರಿಮಾಡ್ತೀನಿ,” ಎಂದು ಅಮ್ಮ ಹಟ ಹಿಡಿದಳು.

ಅವಳ ಕಸುಬು ಶುರುವಾದದ್ದು ಹಾಗೆ. ಮೊದಲು ನನ್ನ ಕಂಪಾಸ್ ಪೆಟ್ಟಿಗೆಯ ರಬ್ಬರ್ ಮಾಯವಾಯಿತು. ಮೆಮೊರಿ ಉಜ್ಜಿದಳು, ಅವನು ನಿಂತ. ಹೆಚ್ಚು ಮೆಮೊರಿ ಹಾಕಿದಳು, ನಿಂತ. ಬಿಸಿಯಾಗುತ್ತಿರಬಹುದೆಂದು ಫ್ಯಾನ್ ಬದಲಿಸಿದಳು. ಬೆಸುಗೆ ಹಾಕುವುದನ್ನು ಕಲಿಯಲು ಬೆರಳು ಸುಟ್ಟುಕೊಂಡಳು, ಮದರ್‌ಬೋರ್ಡಿನ ಮೇಲೆ ಉಬ್ಬಿದ್ದ ಭಾಗಗಳನ್ನು ಕಿತ್ತು ಹೊಸವನ್ನು ಕೂರಿಸಿದಳು. ಎಣಿಕೆ ಮಾಡುವ ಮುಖ್ಯ ಚಿಪ್ ಒಂದನ್ನು ಮಾತ್ರ, ಅದು ಅಣ್ಣ ಇಟ್ಟದ್ದೇ ಇರಲಿ ಎಂದು ಮುಟ್ಟಲಿಲ್ಲ. ನೀಲಿ ಅಂಗಿಯವನು ಅದ್ಯಾವುದಕ್ಕೂ ಜಗ್ಗಲಿಲ್ಲ. ಅಷ್ಟರಲ್ಲಿ ಬೀದಿಯವರೆಲ್ಲ ತಮ್ಮ ಕೆಟ್ಟ ಕಂಪ್ಯೂಟರುಗಳನ್ನು ಹೊತ್ತು ತರತೊಡಗಿದ್ದರು. ಹೊಲಿಗೆ ಯಂತ್ರ ಮೂಲೆ ಸೇರಿತು, ಅಂಗಡಿಗೆ ಬೋರ್ಡು ಬಂತು.

ಕಳೆದ ವರ್ಷ ಹಳೆಯ ಪೆಟ್ಟಿಗೆಯಲ್ಲಿ ಆಟ ಉಳಿದಿದ್ದ ಡಿಸ್ಕ್ ಕಟಕಟ ಎನ್ನತೊಡಗಿತು. ಆ ಸದ್ದು ಏನೆಂದು ಅಮ್ಮನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಡಿಸ್ಕ್ ಹೋದರೆ ಅವನೂ ಹೋದಂತೆ. ಅಜ್ಜಿ ಊಟ ಬಿಟ್ಟಳು. “ಎರಡನೇ ಸಲ ಕಳಕೊಳ್ಳೋಕೆ ನನ್ನ ಕೈಲಾಗಲ್ಲ ಕಣೇ,” ಎಂದಳು. ಅಮ್ಮ ಆಟವನ್ನು ನಕಲು ಮಾಡಿಕೊಂಡು, ಅಂಗಡಿಯಿಂದ ಮನೆಗೆ ತಂದ ಹೊಸ ಕಂಪ್ಯೂಟರಿಗೆ ಹಾಕಿ ಶುರು ಮಾಡಿದಳು.

ಅವನು ಓಡಿದ. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಂಗಳಕ್ಕೆ, ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳುವವನಂತೆ ಓಡಿದ. ಹೆಜ್ಜೆ ಸದ್ದು ಒಂದೇ ಗೀರಿನಂತೆ ಕೇಳಿತು. “ಏನಾಯ್ತೇ ಅವನಿಗೆ? ನಿಲ್ಸೇ!” ಎಂದು ಅಜ್ಜಿ ಕೂಗಿಕೊಂಡಳು.

“ಹಳೇ ಆಟ ಕಣಮ್ಮ. ಮಿಷಿನ್ ಎಷ್ಟು ಚುರುಕೋ ಇವನ ಕಾಲೂ ಅಷ್ಟೇ ಚುರುಕು. ನಾನು ಅದನ್ನ…” ಅಮ್ಮ ಪರದೆಯತ್ತ ಬೆರಳು ತೋರಿಸಿದಳು.

ಮೆಟ್ಟಿಲ ತಿರುವಿನಲ್ಲಿ ಅವನು ನಿಂತಿದ್ದ. ಎಂದಿನಷ್ಟೇ ಹೊತ್ತು ನಿಂತ. ಆಮೇಲೆ ಮತ್ತೆ ಓಡಿದ. ಅಮ್ಮ ಮೊದಲಿಂದ ನಡೆಸಿದಳು. ಮನೆಯೆಲ್ಲ ಓಡಿದವನು ಅಲ್ಲಿ ಮಾತ್ರ ನಿಧಾನವಾಗಿ, ಗಡಿಯಾರ ನೋಡಿಕೊಂಡಂತೆ ನಿಂತ.

“ಮಿಷಿನ್ ಅಲ್ಲ,” ಎಂದಳು ಅಮ್ಮ. “ಮಿಷಿನ್ ಆಗಿದ್ರೆ ಈ ಹೊಸದ್ರಲ್ಲಿ ನಿಲ್ತಾನೇ ಇರ್ಲಿಲ್ಲ. ಇದು ಅವನೇ ಬೇಕಂತ ಬರೆದಿದ್ದು.”

ಅಜ್ಜಿ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. “ಉಸಿರು ತಗೊಳ್ತಾ ಇದ್ದಾನೆ ಕಣೇ,” ಎಂದಳು. “ದಿನಾ ಅಲ್ಲಿ ನಿಂತು ಉಸಿರು ತಗೊಳ್ತಿದ್ದನೇನೋ. ನಾವು ಯಾರೂ ನೋಡ್ಲಿಲ್ಲ.”

“ನಾನು ನೋಡಿದ್ದೆ ಅಮ್ಮ. ಕೇಳಿದ್ದೆ ಕೂಡ. ಮಿಷಿನ್‌ಗೆ ವಯಸ್ಸಾಯ್ತು ಅಂದ. ನಾನು ಮಿಷಿನ್ ರಿಪೇರಿ ಮಾಡ್ತಾ ಕೂತೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಎಷ್ಟೋ ಸಲ ನಗುತ್ತ ಹೇಳಿದ್ದೇನೆ. ಅಮ್ಮನ ಇಡೀ ಕಸುಬು ಆ ಬರೆಯಿಂದ ಹುಟ್ಟಿದ್ದು ಎಂದು ಅವತ್ತು ತಿಳಿಯಿತು. ಅವಳು ಅತ್ತಳು. ಮಾವ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಆಟದೊಳಗಿನ ಮಾವನ ಬರವಣಿಗೆಯನ್ನೇ ತಡಕಾಡಿ ಅಮ್ಮ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಅಜ್ಜಿ ಪಕ್ಕದಲ್ಲಿ ಕೂತು “ಇನ್ನೂ ನಿಧಾನ, ಇನ್ನೂ ಸ್ವಲ್ಪ” ಎನ್ನುತ್ತ ಮಗನ ನಡಿಗೆಯನ್ನು ನೆನಪಿನಿಂದ ಅಳೆದು ಕೊಟ್ಟಳು. ನಡಿಗೆ ಸರಿಹೋಯಿತು.

“ಆ ನಿಲ್ಲೋದನ್ನೂ ತೆಗೀಲಾ? ಈಗ ನನಗೆ ಬರುತ್ತೆ,” ಎಂದಳು ಅಮ್ಮ.

“ಬೇಡ. ಅವನಿಗೆ ಸುಸ್ತು. ಅಲ್ಲೊಂದು ಕುರ್ಚಿ ಹಾಕು.”

ಅಮ್ಮ ಒಂದೊಂದೇ ಚುಕ್ಕಿಯಿಟ್ಟು, ತಿರುವಿನಲ್ಲಿ ಗೋಡೆಗೆ ಒರಗಿಸಿ ಕುರ್ಚಿ ಬಿಡಿಸಿದಳು. ಅವನು ಹತ್ತಿ ಬಂದ. ನಾವು ಮೂವರೂ ನೋಡುತ್ತಿದ್ದೆವು. ಅವನು ಕುರ್ಚಿಯ ಪಕ್ಕದಲ್ಲಿ ನಿಂತ, ನಿಂತೇ ಇದ್ದು ಮೇಲೆ ಹೋದ.

“ಕೂರೋದು ಅವನಿಗೆ ಗೊತ್ತಿಲ್ಲಮ್ಮ. ಅವನು ಅದನ್ನ ಬರೆದೇ ಇಲ್ಲ.”

“ನೀನು ಬರಿ. ಇಷ್ಟೆಲ್ಲ ಕಲಿತಿದೀಯ, ಅದೊಂದು ಕಲಿ.”

ಅಮ್ಮ ಕಲಿಯುತ್ತಿದ್ದಾಳೆ. ಅಂಗಡಿ ಮುಚ್ಚಿ ಬಂದವಳೇ ಅದರ ಮುಂದೆ ಕೂರುತ್ತಾಳೆ. ಮಂಡಿ ಮಡಿಸುವುದು ಇನ್ನೂ ಸರಿಯಾಗಿ ಬಂದಿಲ್ಲ. ಟಕ್ ಟಕ್ ನಿಂತಾಗ ಈಗಲೂ ನಾವೆಲ್ಲ ನಿಂತು ಕಾಯುತ್ತೇವೆ, ಈ ಸಲ ಕೂತನೇನೋ ಎಂದು.