ಪುಟ್ಟಿಯ ಕಣ್ಣು ಬಿಳುಪಾದದ್ದು

ಭಾವಿಕೇರಿಯ ಕಮಲಿ ಬಸಲೆ ಸೊಪ್ಪಿನ ಸೂಡಿ ಹೊತ್ತು ಮಾರಲು ಕಾರವಾರದ ಹಬ್ಬುವಾಡಕ್ಕೆ ಹೋದರೆ ಸೊಪ್ಪಿಗಿಂತ ಮಾತೇ ಹೆಚ್ಚು ಖರ್ಚಾಗುತ್ತಿತ್ತು. ಬಾಯಿಗೆ ಬೀಗವಿಲ್ಲದಿದ್ದರೂ ಕೈ ಶುದ್ಧ. ಅದಕ್ಕೇ, ಎಂಬತ್ತೈದನೇ ಇಸವಿಯಲ್ಲಿ ತನ್ನ ಗಂಡನಿಗೆ ಬೇರೆ ಊರಿಗೆ ವರ್ಗವಾದಾಗ, ಅಲ್ಲಿ ಸೊಪ್ಪು ಕೊಳ್ಳುತ್ತಿದ್ದ ವನಮಾಲಾಬಾಯಿ ಗಿಣಿಮರಿ ಪುಟ್ಟಿಯನ್ನು ಪಂಜರಸಮೇತ ಇವಳಿಗೇ ಒಪ್ಪಿಸಿದಳು. ತಿರುಗಿ ಬಂದಾಗ ಒಯ್ಯುವೆನೆಂದಳು.

ಕಮಲಿ ಅದನ್ನು ತಲೆಯ ಮೇಲೆ ಕೂರಿಸಿಕೊಂಡಳು. ಕಣ್ಣಿಗೆ ಹೊಗೆ ತಾಗೀತೆಂದು ಪಂಜರವನ್ನು ಒಲೆಯ ಮಗ್ಗುಲಿಂದ ಜಗಲಿಗೆ ತಂದಳು. ನಾವು ಮೇಲಿನ ರೆಪ್ಪೆ ಇಳಿಸಿ ಕಣ್ಣು ಮುಚ್ಚಿದರೆ ಪುಟ್ಟಿ ಕೆಳಗಿನದನ್ನು ಏರಿಸಿ ಮುಚ್ಚುತ್ತಿತ್ತು. ಅದನ್ನು ನೋಡುತ್ತ ಗಂಡ ಬೀರಾನ ಗಂಜಿಯನ್ನೂ ಮರೆಯುತ್ತಿದ್ದಳು. ಹಣ್ಣುಮೆಣಸು ತೋರಿಸಿದರಂತೂ ಅದರ ಕಣ್ಣಪಾಪೆ ಹಿಗ್ಗಿ ಕುಗ್ಗಿ ಕುಣಿಯುತ್ತಿತ್ತು. ಕೊಟ್ಟವರು ಮರೆತೇಬಿಡಲಿ ಎಂದು ಕಮಲಿ ಒಳಗೊಳಗೇ ಹರಕೆ ಹೊತ್ತಿದ್ದಳು.

ಎರಡು ವರ್ಷ ಕಳೆದು, ಬೇಸಿಗೆಯ ಮೊದಲಲ್ಲಿ ವನಮಾಲಾ ಭಾವಿಕೇರಿಗೆ ಬಂದೇ ಬಂದಳು. ಪಂಜರದೊಳಗೆ ಇಣುಕಿ ಮುಖ ಗಂಟಿಕ್ಕಿದಳು.

"ಇದು ನಮ್ಮ ಪುಟ್ಟಿ ಅಲ್ಲ ಕಮಲಿ. ಅದರ ಕಣ್ಣು ಬಸಲೆ ಹಣ್ಣಿನ ಹಾಗೆ ಪೂರಾ ಕಪ್ಪಗಿತ್ತು. ಇದರ ಪಾಪೆ ಸುತ್ತ ಬಿಳಿ ಬಳೆ ಅದೆ. ಸತ್ತುಹೋಗಿದ್ರೆ ಹೇಳ್ಬೇಕಿತ್ತು, ಬೇರೆ ತಂದು ಇಡ್ಬಾರ್ದಿತ್ತು. ಹೋಗ್ಲಿ, ಇದನ್ನ ನೀನೇ ಇಟ್ಕೋ."

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ. ಸುಮ್ಮನಿದ್ದರೆ ಪುಟ್ಟಿ ಅವಳದೇ. ಆದರೆ ಮೋಸಗಾತಿ ಅನ್ನಿಸಿಕೊಂಡು ಇಟ್ಟುಕೊಳ್ಳುವುದು ಹೇಗೆ? ದಿನಾ ನೋಡುವ ಕಣ್ಣು ಯಾವಾಗ ಬಿಳುಪಾಯಿತೆಂದು ಅವಳಿಗೂ ತಿಳಿದಿರಲಿಲ್ಲ. ಇವನೇನಾದರೂ ಮಾಡಿದನೋ ಎಂದು, ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದ ಬೀರಾನನ್ನೇ ಅರೆಗಳಿಗೆ ದುರುಗುಟ್ಟಿ ನೋಡಿದಳು.

"ನನ್ನ ಎಂತಕೆ ನೋಡ್ತೀಯೆ? ನಾ ಮುಟ್ಟೇ ಇಲ್ಲ!" ಎಂದು ಅವನು ಗಂಜಿಬಟ್ಟಲು ಹಿಡಿದು ಹಿತ್ತಲಿಗೆ ಓಡಿದ.

"ಬನ್ನಿ ಬಾಯೋರೆ, ದೇವ್ರ ಮುಂದೆ ಆಣೆ ಹಾಕ್ತೆ," ಎಂದಳು ಕಮಲಿ. "ಇದೇ ನಿಮ್ಮ ಪುಟ್ಟಿ. ನೀವೇ ಒಯ್ಯಿ. ನಂಗೆ ಮಾತ್ರ ಮೋಸಗಾತಿ ಅನ್ನಬ್ಯಾಡಿ." ಪಂಜರ ಎತ್ತಿಕೊಂಡು ಹೊರಟೇಬಿಟ್ಟಳು. ವನಮಾಲಾ ಹಿಂದಿನಿಂದ ನಡೆದಳು.

ಗುಡಿಯ ದಾರಿಯಲ್ಲಿ ಒಂದು ಬೋಳು ತೆಂಗಿನ ಮರ, ಸಿಡಿಲಿಗೆ ಮುರಿದು ಗಿಡ್ಡವಾದದ್ದು. ಅದರ ಪೊಟರೆಯ ಬಾಯಿಗೆ ತಾಯಿಗಿಣಿ ಬಂದು ಕೂತಿತು. ಮರಿಗಳು ಕಿರುಚುತ್ತ ಕತ್ತು ಹೊರಹಾಕಿದವು. ವನಮಾಲಾ ಗಕ್ಕನೆ ನಿಂತಳು.

"ಕಮಲಿ, ನಿಲ್ಲೇ! ಮರಿಗಳ ಕಣ್ಣು ನೋಡು."

ಪೂರಾ ಕಪ್ಪು. ತಾಯಿಯ ಕಣ್ಣಿನಲ್ಲಿ ಮಾತ್ರ ಬಿಳಿ ಬಳೆ. ಇಬ್ಬರೂ ಒಟ್ಟಿಗೇ ಪಂಜರದತ್ತ ಬಗ್ಗಿದರು.

"ಅಯ್ಯೋ, ನಮ್ಮ ಪುಟ್ಟಿ ಬೆಳೆದು ದೊಡ್ಡವಳಾಗಿದ್ದಾಳೆ ಮಾರಾಯ್ತಿ!" ವನಮಾಲಾ ನಗುತ್ತ ಅವಳ ಕೈ ಹಿಡಿದಳು. "ನಂದೇ ತಪ್ಪು."

ಕಮಲಿಗೆ ನಗುವೂ ಬಂತು, ಅಳುವೂ ಬಂತು. ಮಾನ ಉಳಿಯಿತು, ಪುಟ್ಟಿ ಹೋಯಿತು. ಪಂಜರವನ್ನು ಮುಂದೆ ಚಾಚಿದಳು.

"ತಗಳ್ಳಿ ಬಾಯೋರೆ. ನಿಮ್ಮ ಬಸ್ ತಪ್ತದೆ."

ವನಮಾಲಾ ಪಂಜರ ತೆಗೆದುಕೊಂಡಳು. ಒಂದು ಕ್ಷಣ ಪುಟ್ಟಿಯನ್ನು, ಇನ್ನೊಂದು ಕ್ಷಣ ಕಮಲಿಯನ್ನು ನೋಡಿ, ತಿರುಗಿ ಅವಳ ಕೈಯಲ್ಲೇ ಇಟ್ಟಳು.

"ಈಗ ಇದು ನಂದೇ ಅಂತ ಆಯ್ತಲ್ಲ? ನಂದನ್ನ ನಾನು ಯಾರಿಗೆ ಬೇಕಾದ್ರೂ ಕೊಡ್ತೇನೆ. ಹಿಡ್ಕೋ, ನಿಂಗೇ ಕೊಟ್ಟೆ."